ತುರ್ತು ಆರೋಗ್ಯ ಸಮಸ್ಯೆ: ಆಂಬುಲೆನ್ಸೋ, ಕ್ಯಾಶುವಾಲ್ಟಿಯೋ, ಕ್ಲಿನಿಕ್ಕೋ, ಔಷಧ ಅಂಗಡಿಯೋ?

"ಎದೆ ಹಿಡಿದ ಹಾಗಿದೆ, ಈಗಲೇ ಹೋಗಬೇಕಾ, ಬೆಳಗ್ಗೆ ತೋರಿಸಿದರೆ ಸಾಕಾ?" "ಮಗುವಿಗೆ ಜ್ವರ ಇಳಿಯುತ್ತಿಲ್ಲ, ಕ್ಲಿನಿಕ್ ಸಾಲುತ್ತಾ, ದೊಡ್ಡಾಸ್ಪತ್ರೆಗೇ ಒಯ್ಯಬೇಕಾ?" ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಹೆಚ್ಚಿನವರು ಉತ್ತರವನ್ನು ನೋವಿನ ಅಳತೆಯಲ್ಲಿ ಹುಡುಕುತ್ತಾರೆ. ನೋವು ಜಾಸ್ತಿ ಇದ್ದರೆ ಆಸ್ಪತ್ರೆ, ಕಡಿಮೆ ಇದ್ದರೆ ಮನೆ. ಈ ಲೆಕ್ಕ ಕೈಕೊಡುತ್ತದೆ. ಮೂತ್ರಪಿಂಡದ ಕಲ್ಲಿನ ನೋವಿಗೆ ಗಟ್ಟಿ ಆಳೂ ನೆಲದ ಮೇಲೆ ಹೊರಳಾಡುತ್ತಾನೆ, ಆದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿರುವುದಿಲ್ಲ. ಪಾರ್ಶ್ವವಾಯು ಹೊಡೆದಾಗ ಬಹಳ ಸಲ ನೋವೇ ಇರುವುದಿಲ್ಲ, ಆದರೂ ಕೈಯಲ್ಲಿರುವುದು ಕೆಲವೇ ಗಂಟೆ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು. ಈ ತೊಂದರೆ ನಮಗೆ ಎಷ್ಟು ಸಮಯ ಕೊಡುತ್ತದೆ? ಇದಕ್ಕೆ ಬೇಕಾದ ಚಿಕಿತ್ಸೆ ನಾವು ಹೋಗುತ್ತಿರುವ ಜಾಗದಲ್ಲಿ ಇದೆಯಾ? ಎರಡನೆಯದನ್ನು ಕೇಳದೆ ಹೊರಟವರೇ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೆಫರ್ ಆಗುತ್ತಾ ದಾರಿಯಲ್ಲೇ ಸಮಯ ಕಳೆಯುತ್ತಾರೆ.

ಯಾವುದು ಯಾವುದಕ್ಕೆ

ತುರ್ತು ವಿಭಾಗ, ಅಂದರೆ ಕ್ಯಾಶುವಾಲ್ಟಿ ಅಥವಾ ಎಮರ್ಜೆನ್ಸಿ: ಹಗಲಿರುಳು ತೆರೆದಿರುತ್ತದೆ. ಆಮ್ಲಜನಕ, ಇಸಿಜಿ (ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆ), ತುರ್ತು ಔಷಧಗಳು ಇರುತ್ತವೆ. ಒಪಿಡಿ, ಅಂದರೆ ಹೊರರೋಗಿ ವಿಭಾಗ: ನಿಗದಿತ ವೇಳೆಯಲ್ಲಿ ತಜ್ಞರು ನೋಡುವ ಜಾಗ, ಒದ್ದಾಡುತ್ತಿರುವವರನ್ನು ಸಾಲಿನಲ್ಲಿ ಕೂರಿಸುವ ಜಾಗವಲ್ಲ. ಕ್ಲಿನಿಕ್ ಅಥವಾ ಕುಟುಂಬ ವೈದ್ಯರು: ಅದೇ ದಿನ ನೋಡಬೇಕಾದ, ಆದರೆ ಕೆಲವು ಗಂಟೆ ಕಾಯಬಹುದಾದ ತೊಂದರೆಗೆ. ಫೋನ್ ಅಥವಾ ವಿಡಿಯೋ ಸಲಹೆ: ಮುಟ್ಟಿ ನೋಡುವ ಅಗತ್ಯವಿಲ್ಲದ್ದಕ್ಕೆ. ಔಷಧ ಅಂಗಡಿ: ಏನಾಗಿದೆ ಎಂದು ಗೊತ್ತಿರುವ ಸಣ್ಣಪುಟ್ಟ ತೊಂದರೆಗೆ.

ಹಂತ 1: ಮೊದಲ ನಿಮಿಷದಲ್ಲಿ ನೋಡಬೇಕಾದ್ದು

ಕೆಳಗಿನವುಗಳಲ್ಲಿ ಒಂದೇ ಒಂದು ಕಂಡರೂ ಯೋಚನೆ ನಿಲ್ಲಿಸಿ ಆಂಬುಲೆನ್ಸ್ ಸಂಖ್ಯೆಗೆ ಕರೆ ಮಾಡಿ. ಭಾರತದಲ್ಲಿ 112, ಹಲವು ರಾಜ್ಯಗಳಲ್ಲಿ 108. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 112, ಬ್ರಿಟನ್ನಿನಲ್ಲಿ 999, ಅಮೆರಿಕದಲ್ಲಿ 911.

- ಕರೆದರೂ, ಅಲುಗಿಸಿದರೂ ಎಚ್ಚರವಾಗದಿರುವುದು. ಉಸಿರಾಟ ನಿಂತಿರುವುದು, ಅಥವಾ ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಸದ್ದಿನೊಂದಿಗೆ ಬಾಯಿ ತೆರೆಯುವುದು. ಈ ಬಾಯಿ ತೆರೆಯುವಿಕೆಯನ್ನು ಉಸಿರಾಟ ಎಂದುಕೊಂಡು ಕಾಯುವವರಿದ್ದಾರೆ. ಅದು ಹೃದಯ ನಿಂತಾಗ ಕಾಣುವ ಲಕ್ಷಣ.
- ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು.
- ಎದೆಯ ನಡುವೆ ಒತ್ತಿದಂತೆ, ಬಿಗಿದಂತೆ ನೋವು. ತೋಳು, ದವಡೆ, ಬೆನ್ನಿಗೆ ಹರಡುವುದು, ಜೊತೆಗೆ ತಣ್ಣನೆಯ ಬೆವರು, ವಾಕರಿಕೆ.
- ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಒಮ್ಮೆಲೇ ದೃಷ್ಟಿ ಅಥವಾ ನಡಿಗೆಯ ಸಮತೋಲನ ತಪ್ಪುವುದು.
- ಗಟ್ಟಿಯಾಗಿ ಒತ್ತಿ ಹಿಡಿದರೂ 10 ನಿಮಿಷದಲ್ಲಿ ನಿಲ್ಲದ ರಕ್ತಸ್ರಾವ. ರಕ್ತ ಚಿಮ್ಮುತ್ತಿದ್ದರೆ 10 ನಿಮಿಷವೂ ಕಾಯುವಂತಿಲ್ಲ.
- 5 ನಿಮಿಷ ದಾಟಿದ ಫಿಟ್ಸ್. ಎಚ್ಚರ ಬರುವ ಮೊದಲೇ ಮತ್ತೊಂದು ಫಿಟ್ಸ್. ಜೀವನದಲ್ಲಿ ಮೊದಲ ಬಾರಿ ಬಂದ ಫಿಟ್ಸ್.
- ಏನೋ ತಿಂದ, ಚುಚ್ಚಿಸಿಕೊಂಡ ಅಥವಾ ಕೀಟ ಕಡಿದ ಕೆಲವೇ ನಿಮಿಷಗಳಲ್ಲಿ ಮೈತುಂಬ ದದ್ದು, ಜೊತೆಗೆ ನಾಲಿಗೆ ಅಥವಾ ಗಂಟಲಿನ ಊತ, ಉಬ್ಬಸ, ತಲೆಸುತ್ತು.
- ಕ್ಷಣದಲ್ಲೇ ತುತ್ತತುದಿಗೆ ಏರಿದ, ಹಿಂದೆಂದೂ ಕಾಣದಂಥ ತಲೆನೋವು.
- ವಿಷ ಕುಡಿದಿರುವುದು, ಹಾವು ಕಡಿತ, ವಿದ್ಯುತ್ ಆಘಾತ, ನೀರಲ್ಲಿ ಮುಳುಗಿ ಮೇಲೆತ್ತಿದವರು. ಸದ್ಯಕ್ಕೆ ಚೆನ್ನಾಗಿ ಕಂಡರೂ ಸರಿ.
- ಪ್ರಾಣ ಕಳೆದುಕೊಳ್ಳುವ ಮಾತನ್ನಾಡುತ್ತಾ ಅದಕ್ಕೆ ಸಿದ್ಧತೆ ಮಾಡಿಕೊಂಡಿರುವವರು. ಇದೂ ತುರ್ತೇ. ಅವರನ್ನು ಒಂಟಿಯಾಗಿ ಬಿಡಬೇಡಿ.

ಎದೆನೋವಿನ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. "ಗ್ಯಾಸ್ ಇರಬೇಕು" ಎಂಬ ತೀರ್ಮಾನವನ್ನು ಮನೆಯಲ್ಲಿ ಮಾಡಲಾಗದು. ಹೃದಯಾಘಾತದ ನೋವು ಹೊಟ್ಟೆಯ ಮೇಲ್ಭಾಗದಲ್ಲಿ, ಎದೆಯುರಿಯ ಹಾಗೆಯೇ ಬರಬಹುದು. ಆಂಟಾಸಿಡ್ ಕುಡಿದ ಮೇಲೆ ಕಡಿಮೆಯಾಯಿತು ಎಂಬುದೂ ಪುರಾವೆಯಲ್ಲ. ಮಹಿಳೆಯರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ವಾಂತಿ ಇರುವುದುಂಟು. ಇದನ್ನು ಬೇರ್ಪಡಿಸುವುದು ಇಸಿಜಿ ಮತ್ತು ಟ್ರೋಪೋನಿನ್ ರಕ್ತಪರೀಕ್ಷೆ (ಹೃದಯದ ಸ್ನಾಯು ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನಿನ ಅಳತೆ). ಮೊದಲ ಇಸಿಜಿ ಸರಿಯಿದ್ದರೂ ಕೆಲವು ಗಂಟೆ ಬಿಟ್ಟು ಮತ್ತೆ ತೆಗೆಯಬೇಕಾಗುತ್ತದೆ. "ಇಸಿಜಿ ನಾರ್ಮಲ್, ಮನೆಗೆ ಹೊರಡೋಣ" ಎಂದು ಅವಸರ ಮಾಡಬೇಡಿ.

ಹಂತ 2: ಆಂಬುಲೆನ್ಸೋ, ಸ್ವಂತ ವಾಹನವೋ

ಪ್ರಜ್ಞೆ ಇಲ್ಲದಿದ್ದರೆ, ಉಸಿರಾಟದ ತೊಂದರೆ ಅಥವಾ ಎದೆನೋವು ಇದ್ದರೆ, ಬೆನ್ನು-ಕುತ್ತಿಗೆಗೆ ಪೆಟ್ಟು ಬಿದ್ದಿದ್ದರೆ ಆಂಬುಲೆನ್ಸ್ ಮೇಲು. ವೇಗ ಇಲ್ಲಿ ಎರಡನೆಯ ಮಾತು. ದಾರಿಯಲ್ಲಿ ಹೃದಯ ನಿಂತರೆ ಕಾರಿನ ಹಿಂದಿನ ಸೀಟಿನಲ್ಲಿ ಮಾಡಲು ಏನೂ ಇರುವುದಿಲ್ಲ. ಆಂಬುಲೆನ್ಸ್ ಬರುವುದು ತೀರಾ ತಡವೆಂದು ಅವರೇ ಹೇಳಿದರೆ, ಅಥವಾ ನಿಮ್ಮ ಜಾಗಕ್ಕೆ ಅದು ಬರುವುದೇ ಇಲ್ಲವೆಂದಾದರೆ, ಇನ್ನೊಬ್ಬರ ಕೈಲಿ ಗಾಡಿ ಓಡಿಸಿಕೊಂಡು ಹೊರಡಿ. ಎದೆನೋವಿರುವವರು ತಾವೇ ಸ್ಟೇರಿಂಗ್ ಹಿಡಿಯಬಾರದು.

ಕರೆ ಮಾಡಿದಾಗ ಮೊದಲು ಹೇಳಬೇಕಾದ್ದು ಜಾಗ. ಕರೆ ಕಡಿದರೂ ಗಾಡಿ ಹೊರಡುತ್ತದೆ. ರಸ್ತೆ, ಕಣ್ಣಿಗೆ ಬೀಳುವ ಗುರುತು, ಎಷ್ಟನೇ ಮಹಡಿ ಎಂಬುದನ್ನು ಹೇಳಿ. ಆಮೇಲೆ ರೋಗಿಯ ವಯಸ್ಸು, ಎಚ್ಚರ ಇದೆಯೇ, ಉಸಿರಾಡುತ್ತಿದ್ದಾರೆಯೇ, ಏನಾಯಿತು ಎಂಬುದು. ಅವರು ಇಡಿ ಎನ್ನುವವರೆಗೆ ಫೋನ್ ಇಡಬೇಡಿ. ಇನ್ನೊಬ್ಬರಿಂದ ಬಾಗಿಲು ತೆರೆಸಿ, ಅವರನ್ನು ರಸ್ತೆಗೆ ಕಳಿಸಿ.

ಗಾಡಿ ಬರುವವರೆಗೆ ಮಾಡುವ ಕೆಲಸ:

ಪ್ರಜ್ಞೆಯೂ ಸರಿಯಾದ ಉಸಿರೂ ಇಲ್ಲದಿದ್ದರೆ ಎದೆಯ ಮಧ್ಯದಲ್ಲಿ ಅಂಗೈ ಬುಡವಿಟ್ಟು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ. ಇದು ದೊಡ್ಡವರಿಗೆ. ಉಸಿರು ಇದ್ದು ಎಚ್ಚರವಿಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿ. ಫಿಟ್ಸ್ ಬಂದವರ ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿಕೊಳ್ಳಿ. ತೀವ್ರ ಅಲರ್ಜಿಗೆ ಅಡ್ರಿನಲಿನ್ ಪೆನ್ (ಮೊದಲೇ ಔಷಧ ತುಂಬಿದ ಇಂಜೆಕ್ಷನ್) ಇದ್ದರೆ ತೊಡೆಯ ಹೊರಮಗ್ಗುಲಿಗೆ ತಕ್ಷಣ ಚುಚ್ಚಿ, ಸುಧಾರಿಸದಿದ್ದರೆ 5 ನಿಮಿಷದ ನಂತರ ಇನ್ನೊಂದು. ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಗಂಟಲು ಕಟ್ಟಿದಾಗ ಅದನ್ನು ನಂಬಿ ಕೂರಬೇಡಿ. ಅಸ್ತಮಾ ಏರಿದರೆ ನೀಲಿ ಇನ್ಹೇಲರನ್ನು ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಮೂಲಕ 30ರಿಂದ 60 ಸೆಕೆಂಡಿಗೆ ಒಂದರಂತೆ 10 ಪಫ್‌ವರೆಗೆ ಕೊಡಬಹುದು.

ಹೃದಯಾಘಾತದ ಅನುಮಾನಕ್ಕೆ ಆಸ್ಪಿರಿನ್ 300 ಮಿಲಿಗ್ರಾಂ ಅಗಿದು ನುಂಗುವುದು ಉಪಯೋಗಕ್ಕೆ ಬರುತ್ತದೆ. ಆದರೆ ಕರೆಯಲ್ಲಿರುವವರನ್ನು ಕೇಳಿ ಕೊಡಿ, ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇದ್ದವರಿಗೆ ಬೇಡ. ಪಾರ್ಶ್ವವಾಯುವಿನ ಅನುಮಾನವಿದ್ದರೆ ಆಸ್ಪಿರಿನ್ ಕೊಡಲೇಬಾರದು. ಅದು ರಕ್ತನಾಳ ಮುಚ್ಚಿ ಆದದ್ದೋ ಒಡೆದು ಆದದ್ದೋ ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ. ಒಡೆದದ್ದಾದರೆ ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತದೆ. ನೀರನ್ನೂ ಕುಡಿಸಬೇಡಿ, ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಂತ 3: ಯಾವ ಆಸ್ಪತ್ರೆ

ಜನ ಹೆಚ್ಚು ಎಡವುವುದು ಇಲ್ಲಿ. "ಹತ್ತಿರದ್ದು" ಎಂಬುದು ಯಾವಾಗಲೂ ಸರಿಯಲ್ಲ, "ದೊಡ್ಡದು" ಎಂಬುದೂ ಅಲ್ಲ. ಉಸಿರು ಕಟ್ಟುತ್ತಿದ್ದರೆ, ರಕ್ತ ಸುರಿಯುತ್ತಿದ್ದರೆ, ಫಿಟ್ಸ್ ನಿಲ್ಲದಿದ್ದರೆ, ಅಲರ್ಜಿ ಏರುತ್ತಿದ್ದರೆ ಹತ್ತಿರದ ಯಾವ ತುರ್ತು ವಿಭಾಗವಾದರೂ ಸರಿ. ಅಲ್ಲಿ ಸ್ಥಿರಗೊಳಿಸಿ ಮುಂದೆ ಕಳಿಸಬಹುದು. ಉಳಿದವಕ್ಕೆ ಆ ಆಸ್ಪತ್ರೆಯಲ್ಲಿ ಏನಿದೆ ಎಂಬುದು ಮುಖ್ಯ. ದಾರಿಯಲ್ಲೇ ಫೋನ್ ಮಾಡಿ, ಒಂದೇ ಒಂದು ನೇರ ಪ್ರಶ್ನೆ ಕೇಳಿ.

ಪಾರ್ಶ್ವವಾಯುವಿಗೆ: "ಈಗ ಸಿಟಿ ಸ್ಕ್ಯಾನ್ ಆಗುತ್ತಾ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತೀರಾ?" ಈ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ದರೆ ಕೊಳವೆ ಹಾಯಿಸಿ ಹೆಪ್ಪು ಎಳೆಯುವ ಚಿಕಿತ್ಸೆಯನ್ನು ಆಯ್ದ ರೋಗಿಗಳಿಗೆ 24 ಗಂಟೆವರೆಗೂ ಮಾಡಬಹುದು, ಆದರೆ ಅದು ಕೆಲವೇ ಆಸ್ಪತ್ರೆಗಳಲ್ಲಿ ಇರುತ್ತದೆ. ಇಲ್ಲಿ ನಿಮ್ಮಿಂದ ಬೇಕಾದ ಅತಿ ಮುಖ್ಯ ಮಾಹಿತಿ, ರೋಗಿ ಸರಿಯಾಗಿದ್ದುದನ್ನು ಕೊನೆಯ ಸಲ ನೋಡಿದ್ದು ಎಷ್ಟು ಹೊತ್ತಿಗೆ ಎಂಬುದು. ರಾತ್ರಿ 10ಕ್ಕೆ ಚೆನ್ನಾಗಿ ಮಲಗಿದವರು ಬೆಳಗ್ಗೆ 6ಕ್ಕೆ ಕೈ ಎತ್ತಲಾಗದೆ ಎದ್ದರೆ ಲೆಕ್ಕ ರಾತ್ರಿ 10ರಿಂದ ಶುರು. ಹಾಗೆಂದು ಅವಧಿ ಮೀರಿತೆಂದು ಮನೆಯಲ್ಲೇ ಕೂರಬೇಡಿ, ಸ್ಕ್ಯಾನ್ ನೋಡಿ ನಿರ್ಧರಿಸುವುದು ವೈದ್ಯರ ಕೆಲಸ. ಹತ್ತು ನಿಮಿಷದಲ್ಲಿ ತಾನೇ ಸರಿಹೋದರೂ ಅದೇ ದಿನ ಹೋಗಲೇಬೇಕು. ಅಂಥ ಕಿರು ಪಾರ್ಶ್ವವಾಯುವಿನ ಬೆನ್ನಿಗೇ ದೊಡ್ಡದು ಬರುವ ಅಪಾಯ ಮೊದಲ ಕೆಲವು ದಿನಗಳಲ್ಲೇ ಹೆಚ್ಚು.

ಹೃದಯಾಘಾತಕ್ಕೆ: "ಈಗ ಆಂಜಿಯೋಪ್ಲಾಸ್ಟಿ ಮಾಡುತ್ತೀರಾ?" ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ಈ ಚಿಕಿತ್ಸೆ ಸುಮಾರು 2 ಗಂಟೆಯೊಳಗೆ ಸಿಗುವಂತಿದ್ದರೆ ಅಲ್ಲಿಗೇ ನೇರ ಹೋಗುವುದು ಒಳ್ಳೆಯದು. ಅಷ್ಟರಲ್ಲಿ ತಲುಪಲಾಗದಷ್ಟು ದೂರವಿದ್ದರೆ, ಇಸಿಜಿ ತೆಗೆದು ಹೆಪ್ಪು ಕರಗಿಸುವ ಔಷಧ ಕೊಡಬಲ್ಲ ಸಮೀಪದ ಆಸ್ಪತ್ರೆಯೇ ಸರಿಯಾದ ಜಾಗ. ಅಲ್ಲಿಂದ ಮುಂದಕ್ಕೆ ಕಳಿಸುತ್ತಾರೆ. ಇದು ಗೊತ್ತಿಲ್ಲದೆ ಗಂಟೆಗಟ್ಟಲೆ ದೂರದ ಹೆಸರಾಂತ ಆಸ್ಪತ್ರೆಗೆ ಓಡಿ ಹೃದಯದ ಸ್ನಾಯು ಕಳೆದುಕೊಳ್ಳುತ್ತಾರೆ.

ಹಾವು ಕಡಿತಕ್ಕೆ: "ಪ್ರತಿವಿಷ ಇದೆಯಾ? ಉಸಿರಾಟದ ಯಂತ್ರ ಇದೆಯಾ?" ಪ್ರತಿವಿಷ ಇದ್ದರೆ ಸಣ್ಣ ಆಸ್ಪತ್ರೆಯಾದರೂ ಅಲ್ಲೇ ಶುರು ಮಾಡಿಸಿ. ಕಡಿದ ಅಂಗ ಅಲುಗದಂತೆ ಕೋಲು ಅಥವಾ ರಟ್ಟು ಕಟ್ಟಿ, ಉಂಗುರ, ಬಳೆ, ವಾಚು ತೆಗೆಯಿರಿ, ರೋಗಿಯನ್ನು ನಡೆಸಬೇಡಿ. ಹಗ್ಗ ಬಿಗಿಯುವುದು, ಕೊಯ್ಯುವುದು, ರಕ್ತ ಹೀರುವುದು ಎಲ್ಲವೂ ಹಾನಿ. ಹಾವನ್ನು ಹಿಡಿದೋ ಕೊಂದೋ ತರುವ ಸಾಹಸದಲ್ಲಿ ಎರಡನೆಯವರೂ ಕಡಿಸಿಕೊಳ್ಳುತ್ತಾರೆ. ಗಾಯದ ಗುರುತು ಕಾಣದಿದ್ದರೂ, ನೋವಿಲ್ಲದಿದ್ದರೂ 24 ಗಂಟೆ ನಿಗಾ ಬೇಕು.

ಗರ್ಭಿಣಿಗೆ: ಹೆರಿಗೆ ತಜ್ಞರು, ಶಸ್ತ್ರಕ್ರಿಯೆ ಕೊಠಡಿ ಮತ್ತು ರಕ್ತದ ವ್ಯವಸ್ಥೆ ಇರುವ ಕಡೆ. ರಕ್ತಸ್ರಾವ, ನೀರು ಹೋಗುವುದು, ಫಿಟ್ಸ್, ಕಣ್ಣು ಮಂಜಾಗುವ ತಲೆನೋವು, ಮಗುವಿನ ಚಲನೆ ಕಡಿಮೆಯಾಗುವುದು, ಇವು ಮುಂದಿನ ತಪಾಸಣೆಯ ದಿನದವರೆಗೆ ಕಾಯುವ ವಿಷಯಗಳಲ್ಲ. ಮುಟ್ಟು ತಪ್ಪಿದ ಮೊದಲ ವಾರಗಳಲ್ಲಿ ಕೆಳಹೊಟ್ಟೆಯ ಒಂದು ಬದಿ ನೋವು, ಜೊತೆಗೆ ತಲೆಸುತ್ತು ಅಥವಾ ಹೆಗಲ ತುದಿಯ ನೋವು ಇದ್ದರೆ ಗರ್ಭಕೋಶದ ಹೊರಗೆ ಕಟ್ಟಿದ ಗರ್ಭ ಒಡೆದಿರಬಹುದು. ಗರ್ಭಿಣಿ ಎಂದು ಗೊತ್ತೇ ಇಲ್ಲದವರಿಗೂ ಇದು ಬರುತ್ತದೆ. ಹೆರಿಗೆಯಾಗಿ 6 ವಾರದವರೆಗೂ ತಲೆನೋವು, ಏರಿದ ರಕ್ತದೊತ್ತಡವನ್ನು ಹೆರಿಗೆಗೆ ಸಂಬಂಧಿಸಿದ್ದೆಂದೇ ನೋಡಬೇಕು. ತಪಾಸಣೆ ಕೊಠಡಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿ.

ಸುಟ್ಟಗಾಯಕ್ಕೆ ಹೊರಡುವ ಮುಂಚೆ 20 ನಿಮಿಷ ಹರಿಯುವ ತಣ್ಣೀರು. ಮಂಜುಗಡ್ಡೆ, ಟೂತ್‌ಪೇಸ್ಟ್, ಎಣ್ಣೆ ಬೇಡ. ಗಾಯ ರೋಗಿಯ ಬೆರಳುಗಳೂ ಸೇರಿದ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು, ಜನನಾಂಗದ ಮೇಲಿದ್ದರೆ, ವಿದ್ಯುತ್ ಅಥವಾ ರಾಸಾಯನಿಕದಿಂದ ಆಗಿದ್ದರೆ, ಹೊಗೆ ಒಳಗೆ ಹೋಗಿದ್ದರೆ ಆಸ್ಪತ್ರೆ.

ಹಂತ 4: ಸಣ್ಣದಾಗಿ ಕಂಡು ಬೆಳಗಾಗುವಷ್ಟರಲ್ಲಿ ಕೈಮೀರುವವು

ಈ ಪಟ್ಟಿಯನ್ನು ಮನೆಯವರೆಲ್ಲ ಒಮ್ಮೆ ಓದಿರಬೇಕು, ಯಾಕೆಂದರೆ ಇವುಗಳಲ್ಲಿ ರೋಗಿ ಕುಂತು ಮಾತಾಡುತ್ತಲೇ ಇರುತ್ತಾನೆ.

*ಗುಂಡಿ ಬ್ಯಾಟರಿ ನುಂಗಿದ ಮಗು.* ರಿಮೋಟ್, ಆಟಿಕೆಗಳಲ್ಲಿರುವ ಚಪ್ಪಟೆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಜೊಲ್ಲಿನ ತೇವದಲ್ಲಿ ವಿದ್ಯುತ್ ಹರಿದು, ಕ್ಷಾರ ಉಂಟಾಗಿ, 2 ಗಂಟೆಯಲ್ಲೇ ಗೋಡೆ ಸುಡುತ್ತದೆ. ಸತ್ತ ಬ್ಯಾಟರಿಯಲ್ಲೂ ಇಷ್ಟು ಶಕ್ತಿ ಉಳಿದಿರುತ್ತದೆ. ನಾಣ್ಯದ ಹಾಗೆ ಹೊರಗೆ ಹೋಗುತ್ತದೆ ಎಂದು ಕಾಯಬೇಡಿ. ವಾಂತಿ ಮಾಡಿಸಬೇಡಿ. ನುಂಗಿ 12 ಗಂಟೆ ಮೀರಿಲ್ಲದಿದ್ದರೆ, ಒಂದು ವರ್ಷ ದಾಟಿದ ನುಂಗಬಲ್ಲ ಮಗುವಿಗೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ 6 ಸಲ. ಅದನ್ನು ಹುಡುಕುತ್ತಾ ಹೊರಡುವುದನ್ನು ತಡಮಾಡಬೇಡಿ. ಎಕ್ಸ್‌ರೇ ಮತ್ತು ಎಂಡೋಸ್ಕೋಪಿ (ಕೊಳವೆ ಕ್ಯಾಮೆರಾ) ಎರಡೂ ಇರುವ ಆಸ್ಪತ್ರೆಯೇ ಬೇಕು. "ನುಂಗಿರಬಹುದು" ಎಂಬ ಅನುಮಾನವೇ ಸಾಕು.

*ಹುಡುಗನ ವೃಷಣದ ನೋವು.* ವೃಷಣ ತಿರುಚಿಕೊಂಡು ರಕ್ತ ಸಂಚಾರ ನಿಂತರೆ ಉಳಿಸಿಕೊಳ್ಳಲು ಸಿಗುವುದು ಸುಮಾರು 6 ಗಂಟೆ. ಹದಿಹರೆಯದಲ್ಲಿ ಹೆಚ್ಚು. ನಾಚಿಕೆಯಿಂದ ಹುಡುಗರು "ಹೊಟ್ಟೆನೋವು, ವಾಂತಿ" ಎಂದಷ್ಟೇ ಹೇಳುತ್ತಾರೆ. ಹೊಟ್ಟೆನೋವೆಂದು ಅಳುವ ಹುಡುಗನನ್ನು ಈ ಪ್ರಶ್ನೆ ನೇರವಾಗಿ ಕೇಳಿ. ಶಸ್ತ್ರಚಿಕಿತ್ಸಕರಿರುವ ತುರ್ತು ವಿಭಾಗ, ಅದೂ ಈಗಲೇ.

*ಪ್ಯಾರಾಸಿಟಮಾಲ್ ಅತಿಯಾದದ್ದು.* ಮೊದಲ ದಿನ ಏನೂ ಆಗಿಲ್ಲವೆನಿಸುತ್ತದೆ. ಯಕೃತ್ತು ಕೆಡುವುದು ಆಮೇಲೆ ಗೊತ್ತಾಗುತ್ತದೆ. ಪ್ರತ್ಯೌಷಧ 8 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ.

*ಕಣ್ಣಿಗೆ ಆಸಿಡ್, ಸುಣ್ಣ, ಫಿನೈಲ್.* ಇಲ್ಲಿ ಓಡುವ ಮೊದಲು ನಿಲ್ಲಬೇಕು. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20 ನಿಮಿಷ ನಲ್ಲಿ ನೀರು ಹಾಯಿಸಿ, ಆಮೇಲೆ ಕಣ್ಣಿನ ತುರ್ತು ಚಿಕಿತ್ಸೆಗೆ ಹೊರಡಿ. ಆಸಿಡ್‌ಗಿಂತ ಸುಣ್ಣದಂಥ ಕ್ಷಾರ ಹೆಚ್ಚು ಆಳಕ್ಕಿಳಿಯುತ್ತದೆ.

*ಪ್ರಾಣಿ ಕಡಿತ.* ಸೋಪು ನೀರಲ್ಲಿ 15 ನಿಮಿಷ ತೊಳೆಯಿರಿ, ಬೇರೇನೂ ಹಚ್ಚಬೇಡಿ. ರೇಬಿಸ್ ಲಸಿಕೆ ಅದೇ ದಿನ ಶುರುವಾಗಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಗಾಯದೊಳಕ್ಕೇ ಚುಚ್ಚಬೇಕು. ಇದು ಎಲ್ಲ ಕ್ಲಿನಿಕ್‌ಗಳಲ್ಲಿ ಇರುವುದಿಲ್ಲ, ಫೋನ್ ಮಾಡಿ ಕೇಳಿಯೇ ಹೋಗಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

*ಬುಡಸಮೇತ ಬಿದ್ದ ಶಾಶ್ವತ ಹಲ್ಲು.* ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು, ಗಲೀಜಿದ್ದರೆ ಕೆಲವೇ ಸೆಕೆಂಡು ತೊಳೆದು, ಅದೇ ಗುಳಿಯಲ್ಲಿ ಕೂರಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿ. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು.

*ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದ್ದು,* ತೊಡೆಸಂದಿನಲ್ಲಿ ಸ್ಪರ್ಶವಿಲ್ಲದಿರುವುದು. ಬೆನ್ನುಹುರಿಯ ಕೆಳಗಿನ ನರಗಳು ಅದುಮಿಕೊಂಡಿರಬಹುದು. ಎಂಆರ್‌ಐ ಸ್ಕ್ಯಾನ್ ಇರುವ ಆಸ್ಪತ್ರೆಗೆ ಅಂದೇ ಹೋಗಬೇಕು.

ಹಂತ 5: ಮಕ್ಕಳ ಲೆಕ್ಕ ಬೇರೆ

3 ತಿಂಗಳೊಳಗಿನ ಹಸುಗೂಸಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಜ್ವರ ಬಂದರೆ ಬೇರೆ ಲಕ್ಷಣ ಇಲ್ಲದಿದ್ದರೂ ಆಸ್ಪತ್ರೆಯೇ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಜ್ವರದ ಅಂಕಿಗಿಂತ ಮಗು ಹೇಗಿದೆ ಎಂಬುದೇ ಹೆಚ್ಚು ಹೇಳುತ್ತದೆ. 39 ಡಿಗ್ರಿಯಲ್ಲೂ ನೀರು ಕುಡಿದು ಆಡುವ ಮಗುವನ್ನು ಕ್ಲಿನಿಕ್‌ಗೆ ತೋರಿಸಬಹುದು. 38 ಡಿಗ್ರಿಯಲ್ಲೇ ಜೋತುಬಿದ್ದು ಕಣ್ಣು ತೆರೆಯದ ಮಗುವಿಗೆ ತುರ್ತು ವಿಭಾಗ ಬೇಕು.

ಉಸಿರು ಎಣಿಸಲು ಕಲಿಯಿರಿ. ಮಗು ಅಳದೆ ಇರುವಾಗ ಎದೆ ತೆರೆದು, ಪೂರ್ತಿ ಒಂದು ನಿಮಿಷ ಎಣಿಸಿ. 2 ತಿಂಗಳೊಳಗೆ 60, 2ರಿಂದ 11 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಇದ್ದರೆ ವೇಗದ ಉಸಿರಾಟ, ಅಂದೇ ವೈದ್ಯರು ನೋಡಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ನರಳುವ ಸದ್ದು ಬರುತ್ತಿದ್ದರೆ ಕ್ಲಿನಿಕ್ ದಾಟಿ ಆಸ್ಪತ್ರೆಗೆ ಹೋಗಿ.

ಗಾಜಿನ ಲೋಟದಿಂದ ಒತ್ತಿದಾಗಲೂ ಮಾಸದ ಕೆಂಪು-ನೇರಳೆ ಚುಕ್ಕಿಗಳು ಜ್ವರದ ಜೊತೆ ಕಂಡರೆ ಮೆದುಳು ಪೊರೆಯ ಸೋಂಕು ಅಥವಾ ರಕ್ತದ ಸೋಂಕಿರಬಹುದು. ಕಪ್ಪು, ಕಂದು ಚರ್ಮದಲ್ಲಿ ಇವು ಮರೆಯಾಗುತ್ತವೆ. ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಗೆ ನೋಡಿ.

ವಾಂತಿ-ಭೇದಿಯಾದ ಮಗು 8 ಗಂಟೆಯಿಂದ ಮೂತ್ರ ಮಾಡಿಲ್ಲ, ಕಣ್ಣು ಗುಳಿಬಿದ್ದಿದೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ ಎಂದಾದರೆ ಡ್ರಿಪ್ ಹಾಕಬಲ್ಲ ಕಡೆ ಒಯ್ಯಿರಿ. ಅಲ್ಲಿಯವರೆಗೆ ಓಆರ್‌ಎಸ್ ಅನ್ನು ಚಮಚ ಚಮಚವಾಗಿ ಕೊಡಿ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಅರ್ಧ ಪ್ಯಾಕೆಟ್, ಕಣ್ಣಳತೆಯ ನೀರು ಎಂದು ಹೊರಟರೆ ಉಪ್ಪಿನ ಪ್ರಮಾಣ ಕೆಡುತ್ತದೆ.

ಹಂತ 6: ಅದೇ ದಿನ ಕ್ಲಿನಿಕ್ ಸಾಕಾಗುವವು

ಮೂರನೇ ದಿನಕ್ಕೂ ಇಳಿಯದ ಜ್ವರ, ಉರಿಮೂತ್ರ, ಕಿವಿನೋವು, ಕೀವುಗಟ್ಟಿದ ಗಾಯ, ಉಳುಕಿದರೂ ನಾಲ್ಕು ಹೆಜ್ಜೆ ಇಡಲಾಗುವ ಪಾದ, ಹೊಲಿಗೆ ಬೇಕಾಗಬಹುದಾದ ಸಣ್ಣ ಕೊಯ್ತ, ರಕ್ತವಿಲ್ಲದ ಭೇದಿ. ಇವಕ್ಕೆ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋದರೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಅದು ಅವರ ನಿರ್ಲಕ್ಷ್ಯವಲ್ಲ. ಅಲ್ಲಿ ನಡೆಯುವುದು ಟ್ರಯಾಜ್, ಅಂದರೆ ಬಂದ ಸರದಿ ಬಿಟ್ಟು ಅಪಾಯದ ಸರದಿಯಲ್ಲಿ ನೋಡುವ ಪದ್ಧತಿ.

ಇದೇ ತೊಂದರೆಗಳನ್ನು ಮೇಲಿನ ದರ್ಜೆಗೆ ಏರಿಸುವ ಸಂಗತಿಗಳಿವೆ. ಜ್ವರದ ಜೊತೆ ಗೊಂದಲದ ಮಾತು, ತಣ್ಣಗಾದ ಕೈಕಾಲು ಇದ್ದರೆ ಸೋಂಕು ಮೈಗೆಲ್ಲ ಹರಡಿರಬಹುದು. ಕೀಮೋಥೆರಪಿ ನಡೆಯುತ್ತಿರುವವರಿಗೆ 38 ಡಿಗ್ರಿ ಜ್ವರವೂ ತುರ್ತು. ರಕ್ತ ತೆಳುಗೊಳಿಸುವ ಮಾತ್ರೆ ತಿನ್ನುವವರು ತಲೆ ಹೊಡೆಸಿಕೊಂಡರೆ ಗಾಯ ಕಾಣದಿದ್ದರೂ ಸ್ಕ್ಯಾನ್ ಸೌಲಭ್ಯವಿರುವ ಕಡೆ ಹೋಗಬೇಕು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಉಳುಕೆಂದು ತಿಕ್ಕಬೇಡಿ, ಒಳಗೆ ಹೆಪ್ಪು ಕಟ್ಟಿರಬಹುದು. ಹೊಕ್ಕುಳ ಸುತ್ತ ಶುರುವಾಗಿ ಬಲ ಕೆಳಹೊಟ್ಟೆಗೆ ಇಳಿದು ನೆಲೆನಿಂತ ನೋವು ಅಪೆಂಡಿಸೈಟಿಸ್‌ನ ನಡೆ, ಅದನ್ನು ನೋವಿನ ಮಾತ್ರೆಯಲ್ಲಿ ಮುಚ್ಚಿ ರಾತ್ರಿ ಕಳೆಯಬೇಡಿ.

ಮನೆಯ ಯಂತ್ರಗಳ ಅಂಕಿಯನ್ನು ಓದುವಾಗಲೂ ಎಚ್ಚರ. ಆಕ್ಸಿಮೀಟರ್ (ರಕ್ತದಲ್ಲಿನ ಆಮ್ಲಜನಕ ಅಳೆಯುವ ಯಂತ್ರ) 92 ಅಥವಾ ಕೆಳಗೆ ತೋರಿಸಿದರೆ ತುರ್ತು ವಿಭಾಗ, 93-94 ಇದ್ದರೆ ಅಂದೇ ವೈದ್ಯರ ಸಲಹೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ವೈದ್ಯರು ಹೇಳಿದ ಮಿತಿಯೇ ಮಿತಿ. ಉಗುರುಬಣ್ಣ, ತಣ್ಣಗಿನ ಬೆರಳು ಅಂಕಿ ಕೆಡಿಸುತ್ತವೆ. ಕಪ್ಪು ಚರ್ಮದಲ್ಲಿ ಯಂತ್ರ ಇರುವುದಕ್ಕಿಂತ ಜಾಸ್ತಿ ತೋರಿಸುವುದುಂಟು. ಏದುಸಿರಿದ್ದರೆ 97 ಕಂಡರೂ ಹೊರಡಿ. ರಕ್ತದೊತ್ತಡ 180/120 ದಾಟಿ ಎದೆನೋವು, ಏದುಸಿರು, ಕಣ್ಣು ಮಂಜು, ಕೈಕಾಲಿನ ದೌರ್ಬಲ್ಯ ಇದ್ದರೆ ತುರ್ತು. ಲಕ್ಷಣ ಏನೂ ಇಲ್ಲದಿದ್ದರೆ ಐದು ನಿಮಿಷ ಕುಳಿತು ಮತ್ತೆ ಅಳೆಯಿರಿ, ಅಂಕಿ ಇಳಿಯದಿದ್ದರೆ ಅಂದೇ ವೈದ್ಯರೊಂದಿಗೆ ಮಾತಾಡಿ. ಸಕ್ಕರೆ ಕಾಯಿಲೆಯವರು ಬೆವತು ತೊದಲುತ್ತಿದ್ದರೆ ಮೊದಲು ಗ್ಲುಕೋಮೀಟರ್ ಹಿಡಿಯಿರಿ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆ ಇದ್ದು ಎಚ್ಚರವಿದ್ದರೆ 15 ಗ್ರಾಂ ಸಕ್ಕರೆ, ಅಂದರೆ ಮೂರ್ನಾಲ್ಕು ಟೀ ಚಮಚ, ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಅಳೆಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಬೇಡ, ಆಂಬುಲೆನ್ಸ್ ಕರೆಯಿರಿ.

ಹಂತ 7: ಫೋನ್ ಸಲಹೆ, ಔಷಧ ಅಂಗಡಿ

ಹಳೆಯ ಕಾಯಿಲೆಯ ಮಾತ್ರೆ ಮುಗಿದದ್ದು, ವರದಿ ತೋರಿಸುವುದು, ಚರ್ಮದ ದದ್ದು, ನೆಗಡಿ, "ನಾನು ಆಸ್ಪತ್ರೆಗೆ ಹೋಗಬೇಕಾ" ಎಂಬ ಪ್ರಶ್ನೆ, ಇವಕ್ಕೆ ಫೋನ್ ಚೆನ್ನಾಗಿ ನಡೆಯುತ್ತದೆ. ಹೊಟ್ಟೆನೋವಿಗೆ ನಡೆಯದು, ಹೊಟ್ಟೆಯನ್ನು ಒತ್ತಿಯೇ ನೋಡಬೇಕು.

ಔಷಧ ಅಂಗಡಿಯಲ್ಲಿ ತಪ್ಪಾಗುವುದು ಪ್ರಮಾಣದಲ್ಲಿ. ದೊಡ್ಡವರಿಗೆ ಪ್ಯಾರಾಸಿಟಮಾಲ್ ಒಮ್ಮೆಗೆ 500 ಮಿಲಿಗ್ರಾಂನಿಂದ 1 ಗ್ರಾಂ, ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇರುವವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ ಇನ್ನೂ ಕಡಿಮೆ. ನೆಗಡಿಯ ಮಿಶ್ರ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ನುಂಗಿದರೆ ಲೆಕ್ಕ ತಪ್ಪುತ್ತದೆ. ಮಕ್ಕಳಿಗೆ ಕಿಲೋ ತೂಕಕ್ಕೆ 15 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ 4 ಸಲ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದಾಯಿತು. ಇದು 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಸುಮಾರು 6 ಮಿಲಿಲೀಟರ್, 250 ಇರುವ ಸಿರಪ್ಪಿನಲ್ಲಿ 3 ಮಿಲಿಲೀಟರ್, 1 ಮಿಲಿಲೀಟರಿಗೆ 100 ಇರುವ ಡ್ರಾಪ್ಸಿನಲ್ಲಿ ಒಂದೂವರೆ ಮಿಲಿಲೀಟರ್. ಬಾಟಲಿ ಬದಲಾದಾಗ "ಹೋದ ಸಲ ಕೊಟ್ಟಷ್ಟೇ" ಎಂದು ಸುರಿಯುವುದರಿಂದಲೇ ಎರಡು ಪಟ್ಟು, ನಾಲ್ಕು ಪಟ್ಟು ಔಷಧ ಹೋಗುತ್ತದೆ.

ಡೆಂಗಿ ಇರಬಹುದಾದ ಜ್ವರಕ್ಕೆ ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆಂಟಿಬಯೋಟಿಕ್ ಅನ್ನೂ, ಕೆಂಪು ಕಣ್ಣಿಗೆ ಸ್ಟೀರಾಯ್ಡ್ ಹನಿಯನ್ನೂ ಅಂಗಡಿಯವರ ಮಾತಿನ ಮೇಲೆ ತೆಗೆದುಕೊಳ್ಳಬೇಡಿ. ಕಣ್ಣು ಕೆಂಪಾಗಿ ನೋವಿದ್ದು ದೃಷ್ಟಿಯೂ ಮಂಜಾಗಿದ್ದರೆ ಅದು ಅಂಗಡಿಯ ಕೆಲಸವೇ ಅಲ್ಲ.

ಹಂತ 8: ಒಯ್ಯಬೇಕಾದ್ದು, ಹೇಳಬೇಕಾದ್ದು

ಗುರುತಿನ ಚೀಟಿ, ವಿಮೆ ಇದ್ದರೆ ಅದರ ಕಾರ್ಡು, ಹಳೆಯ ಇಸಿಜಿ ಮತ್ತು ಡಿಸ್ಚಾರ್ಜ್ ಸಾರಾಂಶ, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು. ಹೆಸರು ನೆನಪಿಸಿಕೊಂಡು ಹೇಳುವುದಕ್ಕಿಂತ ಸ್ಟ್ರಿಪ್ ತೋರಿಸುವುದು ಭದ್ರ. ವಿಷವಾದರೆ ಅದರ ಡಬ್ಬಿ. ಹಳೆಯ ಇಸಿಜಿಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿರಿ. ಇಂದಿನದರಲ್ಲಿ ಕಾಣುವ ಬದಲಾವಣೆ ಹೊಸದೋ ಹಳೆಯದೋ ಎಂದು ಆಗ ತಕ್ಷಣ ತಿಳಿಯುತ್ತದೆ.

ಬಾಗಿಲಲ್ಲಿ ನಿಂತವರಿಗೆ ಇಡೀ ಕಥೆ ಬೇಡ. "62 ವರ್ಷ, ಸಕ್ಕರೆ ಕಾಯಿಲೆ ಇದೆ, 40 ನಿಮಿಷದಿಂದ ಎದೆ ಒತ್ತುತ್ತಿದೆ, ಬೆವರುತ್ತಿದ್ದಾರೆ, ಪೆನಿಸಿಲಿನ್ ಅಲರ್ಜಿ ಇದೆ." ಇಷ್ಟು ಸಾಕು. ಕಾಯುವಾಗ ಸ್ಥಿತಿ ಬದಲಾದರೆ ಸುಮ್ಮನೆ ಕೂರಬೇಡಿ, ಎದ್ದು ಹೋಗಿ ಹೇಳಿ. ಸರದಿಯೂ ಬದಲಾಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗಬಹುದೆಂಬ ಅನುಮಾನವಿದ್ದರೆ ದಾರಿಯಲ್ಲಿ ಏನನ್ನೂ ತಿನ್ನಿಸಬೇಡಿ, ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವುದು ಕಷ್ಟ. ಸಕ್ಕರೆ ಕುಸಿದವರಿಗೆ ಈ ನಿಯಮ ಅನ್ವಯಿಸದು.

ರೆಫರ್ ಮಾಡಿದರೆ ಹೊರಡುವ ಮೊದಲು ಮೂರು ಸಂಗತಿ ಕೇಳಿ ಪಡೆಯಿರಿ: ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟಿದ್ದಾರೆ ಎಂದು ಬರೆದ ಚೀಟಿ, ಅಲ್ಲಿ ತೆಗೆದ ಇಸಿಜಿ ಅಥವಾ ಸ್ಕ್ಯಾನ್, ಮುಂದಿನ ಆಸ್ಪತ್ರೆಯಲ್ಲಿ ಹಾಸಿಗೆ ಇದೆ ಎಂದು ವೈದ್ಯರು ಫೋನಿನಲ್ಲಿ ಖಚಿತಪಡಿಸಿಕೊಂಡ ಮಾತು. ಮನೆಗೆ ಕಳಿಸಿದರೆ, ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು ಎಂಬುದನ್ನು ಬರೆಸಿಕೊಳ್ಳಿ. ತಲೆಪೆಟ್ಟಿನವರಿಗೆ ಮೊದಲ 24 ಗಂಟೆ ಜೊತೆಗೊಬ್ಬರು ಇರಬೇಕು. ಮತ್ತೆ ಮತ್ತೆ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು ಕಂಡರೆ ಬೆಳಗಿನ ಒಪಿಡಿಗೆ ಕಾಯದೆ ಅದೇ ತುರ್ತು ವಿಭಾಗಕ್ಕೆ ಮರಳಿ, ಚೀಟಿಯೂ ಕೈಯಲ್ಲಿರಲಿ.